ಎದುರು ಕೂತು ಒಡೆಸಿದ ಬಳೆ

ಮಾತಿನ ನಡುವೆ ನಾನು ಎಡಗಿವಿ ಮುಟ್ಟಿ ನೋಡಿಕೊಳ್ಳುತ್ತೇನೆ ಎಂದು ನೀವಿಬ್ಬರೂ ನಗುತ್ತೀರಿ. "ಅಜ್ಜಿ, ಕಾನ್ ಹೈ, ಕಾನ್ ಹೈ, ಕಹೀಂ ನಹೀಂ ಗಯಾ" ಎಂದು ಚಿಕ್ಕವನು ಮನೆಯೆಲ್ಲ ನನ್ನ ಹಿಂದೆಯೇ ಬರುತ್ತಾನೆ. ಕಿವಿ ಎಲ್ಲಿಗೂ ಹೋಗಿಲ್ಲ, ನನಗೂ ಗೊತ್ತುಂಟು. ಆದರೂ ಕೈ ಹೋಗುತ್ತದೆ. ಐವತ್ತನಾಲ್ಕು ವರ್ಷದಿಂದ ಹೋಗುತ್ತಿದೆ. ಯಾಕೆ ಎಂದು ನಾನು ಯಾರಿಗೂ ಹೇಳಿದವಳಲ್ಲ. ಈಗ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೊರಟರೆ ನನಗೆ ಮಾತು ಅರ್ಧದಲ್ಲಿ ನಿಲ್ಲುತ್ತದೆ, ಎದುರಿಗಿದ್ದವರು ಉಳಿದದ್ದನ್ನು ತಾವೇ ಹೇಳಿ ಮುಗಿಸಿಬಿಡುತ್ತಾರೆ.

ಮನೆಯಲ್ಲಿ ನಮ್ಮ ಮಾತು ತುಳು. ನಿಮ್ಮದು ಹಿಂದಿ, ಇಂಗ್ಲಿಷು. ನನಗೆ ಬರೆಯಲು ಬರುವುದು ಕನ್ನಡ ಒಂದೇ, ಅದೂ ಏಳನೇ ಕ್ಲಾಸಿನ ಅರ್ಧದವರೆಗೆ ಊರಿನ ಶಾಲೆಯಲ್ಲಿ ಕಲಿತದ್ದು. ಉಳಿದದ್ದು ನಿಮ್ಮ ಅಜ್ಜ ಹೋಟೆಲಿನಿಂದ ತರುತ್ತಿದ್ದ ಹಳೆಯ ಪೇಪರು ಓದಿ ಬಂದದ್ದು. ಓದಲು ಕಷ್ಟವಾದರೆ ನಿಮ್ಮ ಅಮ್ಮ ಓದಿ ಹೇಳಲಿ. ಬಳೆ ಒಡೆಸಿದ ದಿನ ಅವಳು ನನ್ನ ಪಕ್ಕದಲ್ಲೇ ಇದ್ದಳು. ನಾನು ಹೆಚ್ಚುಕಮ್ಮಿ ಬರೆದರೆ ಅವಳಿಗೆ ಗೊತ್ತಾಗುತ್ತದೆ.

ನನ್ನ ಅಮ್ಮನನ್ನು ನೀವು ಕಂಡಿದ್ದೀರಿ. ಕೊನೆಯ ಎಂಟು ವರ್ಷ ಮುಂಬೈಯ ಇದೇ ಭಾಂಡುಪಿನ ಮನೆಯಲ್ಲಿ, ಕಿಟಕಿಯ ಹತ್ತಿರದ ಮಂಚದಲ್ಲಿ ಇದ್ದರು. ಅವರ ಕೈಯ ಎರಡು ಬಳೆ ನಿಮಗೆ ನೆನಪಿರಬಹುದು. ಕಿರುಬೆರಳಿನಷ್ಟು ದಪ್ಪ. ನೋಡಲು ಭಾರ, ಆದರೆ ಒಳಗೆ ಟೊಳ್ಳು. ನಮ್ಮ ಕಡೆ ಹಾಗೆಯೇ ಮಾಡುತ್ತಿದ್ದರು, ಚಿನ್ನದ ತಗಡನ್ನು ಕೊಳವೆಯ ಹಾಗೆ ಬಗ್ಗಿಸಿ, ನೆಗ್ಗದೆ ಇರಲಿ ಎಂದು ಒಳಗೆ ಅರಗು ತುಂಬಿಸುವುದು. ಆ ಬಳೆಗಳನ್ನು ಅಮ್ಮ ಯಾವತ್ತೂ ಕೈಯಿಂದ ತೆಗೆದದ್ದನ್ನು ನಾನು ನೋಡಿಲ್ಲ. ಪಾಲಿಶಿಗೆ ಕೊಟ್ಟದ್ದಿಲ್ಲ, ಅಡವು ಇಟ್ಟದ್ದೂ ಇಲ್ಲ. ಬೈಕುಲ್ಲಾದಲ್ಲಿ ಒಂದು ಸಣ್ಣ ಕ್ಯಾಂಟೀನಿಗೆ ಪಾಲು ಸೇರಲು ನಿಮ್ಮ ಅಜ್ಜನಿಗೆ ಅವಕಾಶ ಬಂದಾಗ ಅಮ್ಮ ಕತ್ತಿನ ಸರ ಬಿಚ್ಚಿ ಕೊಟ್ಟರು. ಬಳೆ ಕೇಳಿದ್ದಕ್ಕೆ, "ಅದು ಮಾತ್ರ ಬೇಡ" ಎಂದರು. ಆಗ ನನಗೆ ಬೇಸರವಾಗಿತ್ತು. ಮಗಳಿಗಿಂತ ಬಳೆ ಹೆಚ್ಚಾಯಿತಲ್ಲ ಎಂದುಕೊಂಡಿದ್ದೆ.

ಹೋದ ವರ್ಷ, ತೀರಿಕೊಳ್ಳುವ ಕೆಲವು ದಿನ ಮೊದಲು, ನಾನು ಗಂಜಿ ಕುಡಿಸುತ್ತಿದ್ದಾಗ ಅಮ್ಮ ಕೈ ಮೇಲೆತ್ತಿದರು. ಬಳೆ ಮೊಣಕೈವರೆಗೆ ಜಾರಿತು, ಅಷ್ಟು ತೆಳ್ಳಗಾಗಿದ್ದರು.

"ಇದು ನಿನಗೆ" ಎಂದರು. "ನಿನ್ನ ತಮ್ಮನಿಗೂ ಹೇಳಿದ್ದೇನೆ. ಮಾರುವುದಾದರೆ ಬೇರೆಯವರ ಕೈಯಲ್ಲಿ ಕೊಟ್ಟು ಕಳಿಸಬೇಡ. ನೀನೇ ಎದುರು ಕೂತು ಒಡೆಸು."

ನಾನು ಅದನ್ನು ದೊಡ್ಡದಾಗಿ ಎಣಿಸಲಿಲ್ಲ. ಹಳೆಯವರು ಎಲ್ಲರೂ ಹೇಳುವ ಮಾತೇ ಅದು. ಊರಲ್ಲಿ ಚಿನ್ನದ ಕೆಲಸ ಮಾಡುವ ಆಚಾರಿ ಒಲೆ, ಊದುಕೊಳವೆ ಕಟ್ಟಿಕೊಂಡು ಮನೆಗೇ ಬರುತ್ತಿದ್ದ. ಜಗಲಿಯಲ್ಲಿ ಅವನು ಕೆಲಸಕ್ಕೆ ಕೂತರೆ ಮನೆಯ ಹೆಂಗಸು ಬೆಳಗಿನಿಂದ ಸಂಜೆವರೆಗೆ ಅವನ ಎದುರು ಕೂರಬೇಕು. ಇಲ್ಲವಾದರೆ ಕಾಳಿನಷ್ಟಾದರೂ ಚಿನ್ನ ಅವನ ಉಗುರಿನಡಿ ಹೋಗುತ್ತದೆ ಎಂಬ ನಂಬಿಕೆ. ಅಮ್ಮ ಅದನ್ನೇ ಹೇಳುತ್ತಿದ್ದಾರೆ ಎಂದು ತಿಳಿದು ತಲೆಯಾಡಿಸಿದೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಇನ್ನೇನೋ ಹೇಳುತ್ತಾರೆಂದು ಚಮಚ ಹಿಡಿದು ಕಾದೆ. "ಉಪ್ಪು ಕಡಿಮೆ" ಎಂದರು.

ವರ್ಷಾಂತಿಕ ಮುಗಿದ ಮೇಲೆ ನಾನು ಬಳೆ ಮಾರೋಣ ಎಂದೆ. ನಿಮ್ಮ ಅಮ್ಮನಿಗೆ ಮನಸ್ಸಿರಲಿಲ್ಲ.

"ನೀನೇ ಹಾಕಿಕೋ ಅಮ್ಮಾ. ಅಜ್ಜಿ ನಿನಗೆಂದೇ ಕೊಟ್ಟದ್ದಲ್ವಾ?"

"ನನ್ನ ಕೈಯಲ್ಲಿ ಚಿನ್ನ ನಿಲ್ಲುವುದಿಲ್ಲ ಮಗಾ. ಎಲ್ಲಿಯಾದರೂ ಕಳೆದುಹಾಕುತ್ತೇನೆ. ಹಣ ಮಾಡಿ ಬ್ಯಾಂಕಿನಲ್ಲಿ ಇಟ್ಟುಬಿಡು."

"ನೀನು ಇದುವರೆಗೆ ಎಂತ ಕಳೆದಿದ್ದೀಯ? ಒಂದು ಹೇಳು ನೋಡುವ."

ನಾನು ಕಳೆದದ್ದು ಒಂದಿತ್ತು. ನನ್ನ ಇಡೀ ಜೀವನ ಆ ಒಂದರ ಮೇಲೆ ನಿಂತಿತ್ತು.

ಏಳನೇ ಕ್ಲಾಸಿನಲ್ಲಿದ್ದಾಗ ನನ್ನ ಕಿವಿಯಲ್ಲಿ ಎರಡು ಓಲೆ ಇದ್ದವು. ಕಡಲೆಬೇಳೆಗಿಂತ ದೊಡ್ಡದಲ್ಲ. ನಡುವೆ ಕೆಂಪುಕಲ್ಲು, ಸುತ್ತ ಎಂಟು ಎಸಳು. ಎಡಗಿವಿಯ ಓಲೆಯ ಹಿಂದಿನ ತಿರುಪು ಸವೆದುಹೋಗಿ ಆಚಾರಿ ಅದಕ್ಕೆ ಬೆಳ್ಳಿಯ ತಿರುಪು ಹಾಕಿಕೊಟ್ಟಿದ್ದ. ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದೆ. ಅಮ್ಮ ತಲೆಗೆ ಎಣ್ಣೆ ಹಚ್ಚಿ ಮೀಯಿಸಿದರು. ಸಂಜೆ ಅಪ್ಪ ಬಂದವರು ನನ್ನನ್ನು ಕಂಡು ನಿಂತರು.

"ಓಲೆ ಎಲ್ಲಿ?"

ನಾನು ಎಡಗಿವಿ ಮುಟ್ಟಿದೆ. ಇರಲಿಲ್ಲ.

ಆ ದಿನ ಬಿದ್ದ ಪೆಟ್ಟಿನ ಬಗ್ಗೆ ಬರೆಯುವುದಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನ ತಮ್ಮ ಅವರ ಹೊಟ್ಟೆಯಲ್ಲಿದ್ದ. ಸೋಮವಾರ ನಾನು ಶಾಲೆಗೆ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ವಾರ ಕಳೆದ ಮೇಲೆ ಮಾಷ್ಟ್ರು ಮನೆಗೆ ಬಂದರು. ಹುಡುಗಿ ಚೆನ್ನಾಗಿ ಓದುತ್ತಾಳೆ, ನಿಲ್ಲಿಸಬೇಡಿ ಎಂದರು. ಅಪ್ಪ ಅವರಿಗೆ ಬೆಲ್ಲ, ನೀರು ಕೊಟ್ಟು ಹೇಳಿದರು, "ಕಿವಿಯಲ್ಲಿದ್ದದ್ದನ್ನು ಉಳಿಸಿಕೊಳ್ಳಲಾಗದವಳು ತಲೆಯಲ್ಲಿ ಎಂತ ಉಳಿಸಿಕೊಳ್ಳುತ್ತಾಳೆ ಮಾಷ್ಟ್ರೇ?"

ಮಾಷ್ಟ್ರು ನಕ್ಕುಬಿಟ್ಟರು. ಅವರಿಗೆ ನಗುವ ಮನಸ್ಸಿರಲಿಲ್ಲ, ಆದರೂ ನಗು ಬಂತು. ಬಾಗಿಲ ಹಿಂದೆ ನಿಂತು ನಾನು ಅದನ್ನು ಕೇಳಿದೆ.

ಓಲೆ ಸಿಕ್ಕಿದರೆ ಶಾಲೆಗೆ ಹೋಗಬಹುದು ಎಂದು ನಾನು ನಂಬಿದ್ದೆ. ಹಾಗೆಂದು ಯಾರೂ ಹೇಳಿರಲಿಲ್ಲ. ದಿನಾ ಬೆಳಗ್ಗೆ ಶಾಲೆಯ ದಾರಿ ಹಿಡಿದು ಹುಡುಕುತ್ತಾ ಹೋಗುತ್ತಿದ್ದೆ. ಗದ್ದೆಯಂಚಿನ ಹುಲ್ಲು, ಬೇಲಿಯ ಬುಡ, ಗದ್ದೆಗೆ ನೀರು ಹರಿಯುವ ತೋಡಿನ ಮರಳು. ಅಮ್ಮ ನನ್ನ ಜೊತೆ ಬರುತ್ತಿದ್ದರು. "ನೀನು ಆ ಬದಿ ನೋಡು, ನಾನು ಈ ಬದಿ ನೋಡುತ್ತೇನೆ" ಎನ್ನುತ್ತಿದ್ದರು. ದೊಡ್ಡ ಹೊಟ್ಟೆ ಇಟ್ಟುಕೊಂಡು ಬಗ್ಗಲಾಗದೆ ಕೋಲಿನಿಂದ ಹುಲ್ಲು ಬಿಡಿಸಿ ನೋಡುತ್ತಿದ್ದರು. ತೋಡಿನ ಮರಳನ್ನು ಬುಟ್ಟಿಯಲ್ಲಿ ಹಾಕಿ ನೀರಿನಲ್ಲಿ ಅಲ್ಲಾಡಿಸಿ ಸೋಸಿದ್ದರು. ಸಿಕ್ಕಿದರೆ ದೇವಸ್ಥಾನದ ದೀಪಕ್ಕೆ ಒಂದು ಕುಡ್ತೆ ಎಣ್ಣೆ ಕೊಡುತ್ತೇನೆ ಎಂದು ಹರಕೆ ಹೊತ್ತರು. ಓಲೆ ಸಿಗಲಿಲ್ಲ. ಆದರೂ ಅಮ್ಮ ವರ್ಷ ವರ್ಷ ಆ ಎಣ್ಣೆ ಕೊಡುತ್ತಾ ಬಂದರು. ಮದುವೆಯಾಗಿ ಮುಂಬೈಗೆ ಬಂದು ಊರಿಗೆ ಹೋದಾಗ ಒಮ್ಮೆ ಕೇಳಿದ್ದೆ, "ಸಿಗಲೇ ಇಲ್ಲವಲ್ಲ ಅಮ್ಮ, ಹರಕೆ ಯಾಕೆ?" "ಇರಲಿ ಬಿಡು" ಎಂದಿದ್ದರು.

ಉಳಿದ ಒಂದು ಓಲೆಯನ್ನು ನನ್ನ ಮದುವೆಗೆ ಮೂಗುಬೊಟ್ಟು ಮಾಡಿಸಿದರು. "ಮೂಗಿನಿಂದಲಾದರೂ ಬೀಳಿಸಬೇಡ" ಎಂದು ಅಪ್ಪ ದಿಬ್ಬಣದ ಎದುರೇ ಹೇಳಿದರು. ನಿಮ್ಮ ಅಜ್ಜನ ಕಡೆಯವರಿಗೂ ಗೊತ್ತಾಯಿತು. ಬೈಕುಲ್ಲಾದ ಚಾಳಿಗೆ ಬಂದ ಮೇಲೆ ಬೀಗದ ಕೈ ನಿಮ್ಮ ಅಜ್ಜನ ಸೊಂಟದಲ್ಲೇ ಇರುತ್ತಿತ್ತು. ಹೋಟೆಲಿನಲ್ಲಿ ದೋಸೆ ಹೊಯ್ದು ಬೆವರಿ ಬಂದು ಅವರೇ ಬಾಗಿಲು ತೆಗೆಯಬೇಕು. ಅಲ್ಲಿಯವರೆಗೆ ನಾನು ಪಕ್ಕದ ಮನೆಯಲ್ಲಿ. ಅವರು ಕೊಡುವುದಿಲ್ಲ ಎಂದದ್ದಲ್ಲ. ನಾನು ಬೇಡ ಎಂದದ್ದು. ಲೋಕಲ್ ರೈಲಿನ ಟಿಕೇಟು ಯಾರ ಕೈಯಲ್ಲಾದರೂ ಕೊಡುತ್ತಿದ್ದೆ. ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತೆಗೆದುಕೊಳ್ಳುವ ಧೈರ್ಯವಿರಲಿಲ್ಲ. ನಾಲ್ಕು ಜನ ಇದ್ದಲ್ಲಿ ಮಾತಾಡಲು ಹೋದರೆ, ಕಳೆದುಕೊಂಡವಳು ಇವಳೇ ಎಂದು ಎಲ್ಲರಿಗೂ ಗೊತ್ತಿದೆ ಎನ್ನಿಸುತ್ತಿತ್ತು. ಅಜ್ಜಿ ಯಾಕೆ ಮದುವೆಮನೆಗಳಲ್ಲಿ ಮೂಲೆ ಹುಡುಕುತ್ತಾಳೆ ಎಂದು ನೀವು ಕೇಳುತ್ತಿದ್ದಿರಲ್ಲ, ಅದಕ್ಕೆ.

ನಿಮ್ಮ ಅಜ್ಜ ತೀರಿಕೊಂಡಾಗ ಹೆಂಗಸರು ನನ್ನ ಕರಿಮಣಿ ತೆಗೆದು, ಗಾಜಿನ ಬಳೆ ತೆಗೆದು, ಮೂಗಿಗೂ ಕೈ ಹಾಕಿದರು. ಊರಿನಿಂದ ಆಗಷ್ಟೇ ಬಂದಿದ್ದ ಅಮ್ಮ ಅವರ ಕೈ ತಳ್ಳಿದರು. "ಅದನ್ನು ಮುಟ್ಟಬೇಡಿ. ಅದು ಗಂಡನ ಕಡೆಯದಲ್ಲ, ಅವಳದ್ದು" ಎಂದರು. ಅಮ್ಮ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ.

ಇಷ್ಟು ಗೊತ್ತಿದ್ದರೆ ಸಾಕು. ಇನ್ನು ಆ ದಿನದ ಸಂಗತಿ.

ನಿಮ್ಮ ಅಮ್ಮ ರಜೆ ಹಾಕಿ ನನ್ನನ್ನು ಘಾಟ್ಕೋಪರಿಗೆ ಕರೆದುಕೊಂಡು ಹೋದಳು. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೆಯ ಚಿನ್ನದ ಅಂಗಡಿ. ಎದುರಿಗೆ ಗಾಜಿನ ಕಪಾಟು, ಹಿಂದೆ ಒಂದು ಸಣ್ಣ ಕೋಣೆಯಲ್ಲಿ ಕರಗಿಸುವ ಕೆಲಸ. ಅಂಗಡಿಯವರಿಗೆ ನನ್ನಷ್ಟೇ ವಯಸ್ಸು. ಬಳೆಯನ್ನು ಬೆರಳಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿದರು.

"ಒಳಗೆ ಅರಗು ಉಂಟು ಮೌಶಿ" ಎಂದು ಹಿಂದಿಯಲ್ಲಿ ಹೇಳಿದರು. "ಕತ್ತರಿಸಿ, ಬಿಸಿ ಮಾಡಿ, ಅದನ್ನು ಇಳಿಸದೆ ತೂಕ ಹೇಳಲಿಕ್ಕಾಗುವುದಿಲ್ಲ. ನೀವು ಇಲ್ಲಿ ಕೂತು ಚಹಾ ಕುಡಿಯಿರಿ."

ಬೇರೆ ದಿನವಾಗಿದ್ದರೆ ನಾನು ಕೂತು ಚಹಾ ಕುಡಿಯುತ್ತಿದ್ದೆ. ಆದರೆ ಅಮ್ಮನಿಗೆ ತಲೆಯಾಡಿಸಿದ್ದೆನಲ್ಲ. "ನಾನು ಎದುರು ಕೂರಬೇಕು" ಎಂದೆ. ದನಿ ಎಷ್ಟು ಸಣ್ಣಗಿತ್ತೆಂದರೆ ನಿಮ್ಮ ಅಮ್ಮ ಅದನ್ನು ಇನ್ನೊಮ್ಮೆ ಹೇಳಬೇಕಾಯಿತು. ಅವರು ನಕ್ಕರು. "ಮೌಶಿಗೆ ನಮ್ಮ ಮೇಲೆ ಭರವಸೆ ಇಲ್ಲ! ಬನ್ನಿ ಬನ್ನಿ, ನಮ್ಮ ಅಜ್ಜಿಯೂ ಹೀಗೇ ಇದ್ದಳು."

ಸ್ಟೂಲು ಹಾಕಿಕೊಟ್ಟರು. ಒಂದು ಬಳೆಯನ್ನು ಕತ್ತರಿಯಿಂದ ಒಂದು ಕಡೆ ತುಂಡು ಮಾಡಿದರು. ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿ ತೋರಿಸಿದರು. ಅರಗು ಕರಗಿ ಕಪ್ಪುಗೆಂಪಾಗಿ ತೊಟ್ಟಿಕ್ಕತೊಡಗಿತು. ವಾಸನೆ ಬಂತು. ಆ ವಾಸನೆ ನನಗೆ ಗೊತ್ತಿತ್ತು. ನಮ್ಮ ಜಗಲಿಯಲ್ಲಿ ಆಚಾರಿ ಕೂತಿದ್ದ ದಿನಗಳ ವಾಸನೆ. ಅಮ್ಮ ಬಸುರಿಯಾಗಿದ್ದಾಗ ಬಯಕೆಯ ಊಟಕ್ಕೆ ಮೊದಲು ಅಜ್ಜಿಮನೆಯ ಹಳೆ ಚಿನ್ನ ಕರಗಿಸಿ ಈ ಬಳೆ ಮಾಡಿದ್ದು. ನಾನು ಶಾಲೆ ಬಿಟ್ಟು ಕೆಲವೇ ವಾರವಾಗಿತ್ತು.

ಅರಗಿನ ಒಂದು ದಪ್ಪ ತೊಟ್ಟು ತಟ್ಟೆಗೆ ಬಿದ್ದಾಗ ಟಣ್ ಎಂದಿತು.

ಅರಗು ಬಿದ್ದರೆ ಟಣ್ ಎನ್ನುವುದಿಲ್ಲ. ಅಂಗಡಿಯವರು ಉರಿ ಸಣ್ಣ ಮಾಡಿದರು. ಚಿಮಟದಿಂದ ಆ ಗಂಟನ್ನು ಎತ್ತಿ, ಬಿಸಿ ಮಾಡಿ, ಬಟ್ಟೆಯಲ್ಲಿ ಒರೆಸಿ, ಯಾವುದೋ ಎಣ್ಣೆಯಂಥದ್ದರಲ್ಲಿ ಅದ್ದಿ ಮತ್ತೆ ಒರೆಸಿದರು. ಅಂಗೈ ಮೇಲೆ ಇಟ್ಟುಕೊಂಡು ಕನ್ನಡಕ ಮೇಲೆ ಮಾಡಿ ನೋಡಿದರು. ಆಮೇಲೆ ನನ್ನ ಮೂಗನ್ನು ನೋಡಿದರು. ಮತ್ತೆ ಅಂಗೈ ನೋಡಿದರು.

"ಮೌಶಿ" ಎಂದರು, "ಇದು ನಿಮ್ಮ ಮೂಗಿನದರ ಜೋಡಿ."

ಕೆಂಪುಕಲ್ಲು. ಎಂಟು ಎಸಳು. ಹಿಂದೆ, ಕಪ್ಪಾಗಿದ್ದರೂ ಗೊತ್ತಾಗುವ ಹಾಗೆ, ಬೆಳ್ಳಿಯ ತಿರುಪು.

ನನಗೆ ಅಳು ಬರಲಿಲ್ಲ. ಕಿವಿಯೊಳಗೆ ನೀರು ಹೊಕ್ಕ ಹಾಗೆ ಎಲ್ಲರ ಮಾತು ದೂರ ಹೋಯಿತು. ನಿಮ್ಮ ಅಮ್ಮ "ಏನದು, ಏನಾಯ್ತು" ಎಂದು ನನ್ನ ಭುಜ ಹಿಡಿದಿದ್ದಳು. ಅಂಗಡಿಯವರು ಯಾರಿಗೋ ನೀರು ತರಲು ಕೂಗಿದರು. ನಾನು ಅಂಗೈ ಚಾಚಿದೆ. ಓಲೆ ಇನ್ನೂ ಬಿಸಿ ಇತ್ತು. ಅವರು ಎರಡನೆಯ ಬಳೆಗೆ ಕತ್ತರಿ ಇಟ್ಟದ್ದು ಕಂಡಿತು.

"ಬೇಡ" ಎಂದೆ. "ಅದನ್ನು ಒಡೆಯಬೇಡಿ."

ಈ ಸಲ ನಿಮ್ಮ ಅಮ್ಮ ಇನ್ನೊಮ್ಮೆ ಹೇಳಬೇಕಾಗಲಿಲ್ಲ.

ಒಡೆದ ಬಳೆಯನ್ನು ಅವರಿಗೇ ಮಾರಿ, ಇನ್ನೊಂದನ್ನು ಪರ್ಸಿನಲ್ಲಿ ಹಾಕಿಕೊಂಡು ಹೊರಗೆ ಬಂದೆವು. ಫುಟ್‌ಪಾತಿನಲ್ಲಿ ನಿಂತು ನಿಮ್ಮ ಅಮ್ಮನಿಗೆ ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಹೇಳಿದೆ ಎಂದರೆ, ತುಂಡು ತುಂಡಾಗಿ. ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು. ಅವಳು ಎಲ್ಲ ಕೇಳಿ, "ಘಾಟ್ಕೋಪರ್ ಅಜ್ಜಿಗೆ ಗೊತ್ತಿರಬೇಕು, ನಡೆ" ಎಂದಳು.

ಘಾಟ್ಕೋಪರ್ ಅಜ್ಜಿ ಎಂದರೆ ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ಅಮ್ಮ ಬಸುರಿಯಾಗಿದ್ದಾಗ ಸಹಾಯಕ್ಕೆಂದು ನಮ್ಮ ಮನೆಗೆ ಬಂದು ಇದ್ದವರು. ಆಗ ಅವರಿಗೆ ಹದಿನಾರು. ಈಗ ಮಗನ ಮನೆಯಲ್ಲಿ ಟೀವಿಯನ್ನು ಮೂರು ಮಹಡಿಗೆ ಕೇಳುವಷ್ಟು ಜೋರಾಗಿ ಹಾಕಿಕೊಂಡು ಇದ್ದಾರೆ.

ಬಳೆ ಮಾರುವ ವಿಷಯ ಅವರಿಗೆ ಫೋನಿನಲ್ಲಿ ಹೇಳಿದ್ದೆ. ನಾವು ಹೋದಾಗ ತಟ್ಟೆಯಲ್ಲಿ ಕುಚ್ಚಲಕ್ಕಿ ಹರಡಿ ಕಲ್ಲು ಆರಿಸುತ್ತಿದ್ದರು. "ಓಹೋ, ಚಿನ್ನ ಮಾರಿದ ಕೂಡಲೇ ಚಿಕ್ಕಮ್ಮನ ನೆನಪಾಯ್ತಾ? ನನ್ನ ಪಾಲು ಎಲ್ಲಿ ಮಾರಾಯ್ತಿ?" ಎಂದು ನಕ್ಕರು.

ನಾನು ಓಲೆಯನ್ನು ಅಕ್ಕಿಯ ಮೇಲೆ ಇಟ್ಟೆ.

ಚಿಕ್ಕಮ್ಮ ಇದೆಂತದು ಎಂದು ಕೇಳಲಿಲ್ಲ. ಎಲ್ಲಿ ಸಿಕ್ಕಿತು ಎಂದೂ ಕೇಳಲಿಲ್ಲ. ರಿಮೋಟು ಹುಡುಕಿ ಟೀವಿ ಬಂದ್ ಮಾಡಿದರು.

"ಒಡೆಸಿದೆಯಾ?" ಎಂದರು.

ನಾನು ನೆಲದಲ್ಲೇ ಕೂತೆ. ಅಲ್ಲಿಯವರೆಗೆ ಒಳಗೆ ಎಲ್ಲೋ, ಆಚಾರಿಯೇ ಕದ್ದು ಅರಗಿನಲ್ಲಿ ಬಚ್ಚಿಟ್ಟಿರಬಹುದು, ಅಮ್ಮನಿಗೆ ಏನೂ ಗೊತ್ತಿರಲಿಕ್ಕಿಲ್ಲ ಎಂದು ಒಂದು ಆಸೆ ಇತ್ತು.

"ನಿಮಗೆ ಗೊತ್ತಿತ್ತಾ ಚಿಕ್ಕಮ್ಮ?"

"ಗೊತ್ತಿತ್ತು."

"ಯಾವತ್ತಿನಿಂದ?"

"ಆವತ್ತಿನಿಂದ." ಚಿಕ್ಕಮ್ಮ ಅಕ್ಕಿಯನ್ನೇ ನೋಡುತ್ತಿದ್ದರು. "ಎಣ್ಣೆ ಹಚ್ಚುವಾಗ ಓಲೆ ಅಕ್ಕನ ಕೈಗೆ ಕಳಚಿ ಬಂತು. ತಿರುಪು ಸಡಿಲ ಇತ್ತಲ್ಲ, ಅದಕ್ಕೆ. ಮಿಂದು ಬಂದ ಮೇಲೆ ಹಾಕುವ ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಕ್ಕಿ ಕುಟ್ಟಲಿಕ್ಕೆ ಇತ್ತು, ನೀರು ಸೇದಲಿಕ್ಕೆ ಇತ್ತು, ಮರೆತಳು. ಆಮೇಲೆ ಭಾವ ಬಂದರು. ನಿನಗೆ ಬಡಿಯುವಾಗ ಅವಳಿಗೆ ನೆನಪಾಯಿತು. ಸೆರಗು ಮುಷ್ಟಿಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಹಿಂದೆ ಇದ್ದೆ."

"ಹೇಳಬಹುದಿತ್ತಲ್ಲ!" ಇದು ನಿಮ್ಮ ಅಮ್ಮ. ಅವಳ ದನಿ ಏರಿತ್ತು.

"ಹೇಳಬಹುದಿತ್ತು. ಭಾವನ ಕೋಲು ಅವಳ ಮೇಲೆ ತಿರುಗುತ್ತಿತ್ತು, ಆರು ತಿಂಗಳ ಬಸುರಿ. ಅದಕ್ಕೆ ಆ ಸಂಜೆ ಹೇಳಲಿಲ್ಲ. ಬೆಳಗ್ಗೆ ಹೇಳುತ್ತೇನೆ ಅಂದಳು. ಬೆಳಗ್ಗೆ ಭಾವ ಶಾಲೆ ಸಾಕು ಅಂದುಬಿಟ್ಟರು. ಆ ದಿನ ನೀರೆಲ್ಲ ಇವಳೇ, ನಿನ್ನ ಅಮ್ಮನೇ, ಸೇದಿದಳು. ಅಕ್ಕ ಮೂರು ತಿಂಗಳಲ್ಲಿ ಮೊದಲನೇ ಸಲ ಮಧ್ಯಾಹ್ನ ಒಂದು ಗಳಿಗೆ ಮಲಗಿದಳು." ಚಿಕ್ಕಮ್ಮ ನನ್ನನ್ನು ನೋಡಿದರು. "ನಾಳೆ ಹೇಳುತ್ತೇನೆ ಅಂದಳು. ನಾಳೆ ನಾಳೆ ಅಂತ ಎಷ್ಟು ದಿನ ಆಗುತ್ತದೆ ಮಗಾ? ಆಮೇಲೆ ಹೇಳುವುದು ಹೇಗೆ?"

"ಬಳೆಯೊಳಗೆ ಹೇಗೆ ಬಂತು?" ನಿಮ್ಮ ಅಮ್ಮನೇ ಕೇಳಿದಳು.

"ಆಚಾರಿ ಊಟಕ್ಕೆ ಎದ್ದಿದ್ದ. ಅರಗು ಇನ್ನೂ ಬಿಸಿ ಇತ್ತು. ಕಡ್ಡಿಯಿಂದ ಒಳಗೆ ಒತ್ತಿದಳು. ಬಿಸಾಡು ಅಂದೆ ನಾನು, ಬಾವಿಗೆ ಹಾಕು ಅಂದೆ. ಬೇಡ, ನನ್ನ ಕೈಯಲ್ಲೇ ಇರಲಿ ಅಂದಳು. ನನ್ನ ಕೈಯನ್ನು ಅವಳ ಹೊಟ್ಟೆಯ ಮೇಲೆ ಇಟ್ಟು ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿದಳು. ಹೇಳಿದರೆ ಮಗುವಿಗೆ ಎಂತಾದರೂ ಆದರೆ? ನಾನು ಹುಡುಗಿ. ಹೆದರಿದೆ."

ಬಯಕೆಯ ದಿನ ಆ ಬಳೆ ಅಮ್ಮನ ಕೈಗೆ ಏರಿತು. ಆ ಕೈಯಲ್ಲೇ ಅವರು ನನ್ನ ತಲೆ ಬಾಚಿದರು, ನನ್ನ ಎರಡು ಬಾಣಂತನ ಮಾಡಿದರು, ನಿಮ್ಮಿಬ್ಬರನ್ನೂ ಎತ್ತಿ ಆಡಿಸಿದರು. ಓಲೆ ಪ್ರತಿ ಸಲ ನನ್ನ ಕಿವಿಯ ಹತ್ತಿರ ಬಂದು ಹೋಗಿದೆ.

ಆಮೇಲೆ ನಾನು ಇನ್ನು ಒಂದೇ ಒಂದು ಕೇಳಿದೆ. "ಹುಡುಕಲು ಯಾಕೆ ಬಂದರು ಚಿಕ್ಕಮ್ಮ? ಮರಳು ಸೋಸಿದರಲ್ಲ, ಅದು ಯಾಕೆ?"

ಚಿಕ್ಕಮ್ಮ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಇಟ್ಟರು. "ನೀನೊಬ್ಬಳೇ ಹುಡುಕುವುದನ್ನು ಅವಳಿಂದ ನೋಡಲಿಕ್ಕೆ ಆಗುತ್ತಿರಲಿಲ್ಲ" ಎಂದರು.

ಈ ಮಾತು ನನಗೆ ಇವತ್ತಿಗೂ ಇಳಿದಿಲ್ಲ. ಮರೆತದ್ದು ಅರ್ಥವಾಗುತ್ತದೆ. ಹೆದರಿದ್ದೂ ಅರ್ಥವಾಗುತ್ತದೆ. ಕೆಲಸಕ್ಕೆ ಒಂದು ಕೈ ಸಿಕ್ಕಿತು ಎಂದು ಸುಮ್ಮನಾದದ್ದು ಕೂಡ, ನಾನೂ ಸಂಸಾರ ಮಾಡಿದವಳು, ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ಓಲೆ ಎಲ್ಲಿದೆ ಎಂದು ತಿಳಿದೂ ಆ ತೋಡಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, "ಆ ಬದಿ ಸರಿಯಾಗಿ ನೋಡಿದೆಯಾ?" ಎಂದು ನನ್ನನ್ನು ಕೇಳಿದ ಅಮ್ಮನ ಮುಖ ಕಣ್ಣ ಮುಂದೆ ಬಂದಾಗ ನಾನು ಮಾಡುತ್ತಿದ್ದ ಕೆಲಸ ನಿಂತುಬಿಡುತ್ತದೆ. ಒಮ್ಮೆ ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಒಮ್ಮೆ ತರಕಾರಿಯವನ ಹತ್ತಿರ ಚೀಲ ಹಿಡಿದು ಹಾಗೆಯೇ ನಿಂತಿದ್ದೆ, ಅವನು "ಆಜೀ, ತಬಿಯತ್ ಠೀಕ್?" ಎಂದು ಆರೋಗ್ಯ ವಿಚಾರಿಸಿದ.

ಆ ಸಂಜೆ ಭಾಂಡುಪಿಗೆ ಲೋಕಲ್ಲಿನಲ್ಲಿ ಬರುವಾಗ ನನ್ನ ಟಿಕೇಟು ನಾನೇ ಹಿಡಿದುಕೊಂಡಿದ್ದೆ. ಮನೆಗೆ ಬಂದು ನಿಮ್ಮ ಅಮ್ಮನಿಗೆ ಹೇಳಿದೆ, "ಕಪಾಟಿನ ಬೀಗದ ಕೈ ನನ್ನ ಹತ್ತಿರ ಇರಲಿ."

ಅವಳು ತನ್ನ ಗೊಂಚಲಿನಿಂದ ಬಿಡಿಸಿ ಕೊಟ್ಟಳು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಸುಮ್ಮನೆ ಹರಿಯುವ ಸದ್ದು ಕೇಳುತ್ತಿತ್ತು.

ಬಳೆಯನ್ನೂ ಓಲೆಯನ್ನೂ ಒಂದು ಡಬ್ಬಿಯಲ್ಲಿ ಹಾಕಿ ಕಪಾಟಿಗೆ ನಾನೇ ಬೀಗ ಹಾಕಿದೆ. ದಿನಕ್ಕೆ ಹತ್ತು ಸಲ ಬೀಗ ತೆಗೆದು ನೋಡಿದೆ. ಇತ್ತು. ಅಮ್ಮನ ಫೋಟೋಕ್ಕೆ ಮಾತ್ರ ಹನ್ನೊಂದು ದಿನ ದೀಪ ಹಚ್ಚಲಿಲ್ಲ. ಅಜ್ಜಿಗೆ ಹುಷಾರಿಲ್ಲ ಎಂದು ನಿಮಗೆ ಹೇಳಿದ್ದು ಆ ದಿನಗಳಲ್ಲೇ.

ಹನ್ನೆರಡನೆಯ ದಿನ ಬೀಗದ ಕೈ ಕಾಣಲಿಲ್ಲ.

ಇದು ನಿಮ್ಮಲ್ಲಿ ದೊಡ್ಡವಳಿಗೆ ಗೊತ್ತು. ಅವಳಿಗಾಗಿಯೇ ಇದನ್ನೆಲ್ಲ ಬರೆಯಲು ಹಿಡಿದದ್ದು. ಆ ಬೆಳಗ್ಗೆ ನೀನು ನನ್ನ ಮಂಚದಲ್ಲಿ ಕೂತು ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಿದ್ದೆ. ಅದು ನೆನಪಾಗಿ ನಾನು ನಿನ್ನ ಮೇಲೆ ಎಗರಿದೆ. ಯಾವತ್ತೂ ಬೈಯದವಳು ಬೈದೆ. "ನೀನೇ ಎಲ್ಲಿಯೋ ಬೀಳಿಸಿದ್ದು. ಕೈಯಲ್ಲಿದ್ದದ್ದನ್ನು ಇಟ್ಟುಕೊಳ್ಳಲಿಕ್ಕೆ ಬರುವುದಿಲ್ಲವಾ ನಿನಗೆ?" ಎಂದೆ. ಅಪ್ಪನ ದನಿ ನನ್ನ ಬಾಯಿಂದ ಬಂತು. ನೀನು ಕೆಂಪಾದೆ. "ನಾನು ನಿನಗೇ ವಾಪಸ್ ಕೊಟ್ಟೆ ಅಜ್ಜಿ, ಪಕ್ಕಾ" ಎಂದು ಮಂಚದ ಅಡಿಗೆ ನುಸುಳಿದೆ. ಸ್ಕೂಲಿನ ಬಸ್ಸಿಗೆ ಹೊತ್ತಾಗಿತ್ತು. ಮಂಚದ ಅಡಿಯಿಂದ ನಿನ್ನ ಮೂಗು ಎಳೆಯುವ ಸದ್ದು ಬರುತ್ತಿತ್ತು.

ನಾನು ಸೆರಗು ಸರಿಮಾಡಿಕೊಂಡೆ. ಸೊಂಟದಲ್ಲಿ ಸೀರೆಯ ಮಡಿಕೆಯೊಳಗೆ ಏನೋ ಗಟ್ಟಿ ತಾಗಿತು. ಬೀಗದ ಕೈ.

ಈಗ ಬರೆಯುವುದು ನಿನಗೆ ಗೊತ್ತಿಲ್ಲದ ಸಂಗತಿ. ನಾನು ಕೂಡಲೇ ಹೇಳಲಿಲ್ಲ. ಇಷ್ಟು ಬೈದ ಮೇಲೆ, ನನ್ನ ಸೊಂಟದಲ್ಲೇ ಇತ್ತು ಎಂದು ಹೇಳಲು ನಾಚಿಕೆಯಾಯಿತು. ಮೆಲ್ಲಗೆ ಅಲ್ಲೇ ಹಾಸಿಗೆಯ ಮೇಲೆ ಬಿಟ್ಟು, ನೋಡು ಇಲ್ಲೇ ಉಂಟು ಎಂದರೆ ಮುಗಿಯಿತಲ್ಲ ಎಂದೂ ಅನ್ನಿಸಿತು. ಕೈ ಹಾಸಿಗೆಯವರೆಗೆ ಹೋಯಿತು. ನೀನು ಅಡಿಯಿಂದ "ಆ ಸೈಡ್ ಇಲ್ಲ ಅಜ್ಜಿ, ಈ ಸೈಡ್ ನೋಡ್ತೇನೆ" ಎಂದೆ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಒಂದು ಉಸಿರಿನಷ್ಟು ಇರಬಹುದು, ಎರಡು ಇರಬಹುದು. ಗೋಡೆಯಲ್ಲಿ ಅಮ್ಮನ ಫೋಟೋ ಇತ್ತು. ನೋಡಲಿಲ್ಲ. ನೋಡದಿದ್ದರೂ ಇದ್ದದ್ದು ಗೊತ್ತಾಗುತ್ತಿತ್ತು.

"ಹೊರಗೆ ಬಾ ಮಗಾ" ಎಂದೆ. "ನನ್ನ ಹತ್ತಿರವೇ ಇತ್ತು. ನೀನು ಕಳೆದದ್ದಲ್ಲ. ನಾನೇ ಮರೆತದ್ದು."

ನೀನು ಕೂದಲಿಗೆಲ್ಲ ಧೂಳು ಮೆತ್ತಿಕೊಂಡು ಹೊರಗೆ ಬಂದೆ. ನನ್ನ ಕೈಯಲ್ಲಿದ್ದ ಬೀಗದ ಕೈ ನೋಡಿದೆ, ನನ್ನನ್ನು ನೋಡಿದೆ, ಸೊಂಟದ ಮೇಲೆ ಕೈ ಇಟ್ಟುಕೊಂಡೆ.

"ಸಾರಿ ಬೋಲೋ" ಎಂದೆ ನೀನು.

ನಾನು ಸಾರಿ ಎಂದೆ. ತುಳುವಿನಲ್ಲಿ ಅದಕ್ಕೆ ಏನು ಹೇಳಬೇಕೋ ಆ ಹೊತ್ತಿಗೆ ನನಗೆ ತೋಚಲಿಲ್ಲ. ನೀನು ನನ್ನ ಸೆರಗಿನಿಂದ ಮೂಗು ಒರೆಸಿಕೊಂಡು, ಬ್ಯಾಗು ಎತ್ತಿಕೊಂಡು ಬಸ್ಸಿಗೆ ಓಡಿದೆ. ನಾನು ಕಿಟಕಿಯಿಂದ ನೋಡಿದೆ, ಬಸ್ಸು ನಿನಗಾಗಿ ನಿಂತಿತ್ತು. ನೀನು ಹತ್ತಿದ ಮೇಲೆ ನಾನು ಅಮ್ಮನ ಫೋಟೋಕ್ಕೆ ದೀಪ ಹಚ್ಚಿದೆ.